ನೀರಿಗೆ ಬಿಡದ ಗಣಪ

ಗನ್ ಕೊನೆಗೂ ಕೂಗಿದ್ದು ತುಳಸಿಯ ಮುಂದೆ.

ಬೆಳಗಿನಿಂದ ಶಿವಕ್ಕ ಅದನ್ನು ಹಿಡಿದು ಮಿಶಿಗನ್‌ನ ಕ್ಯಾಂಟನ್‌ನಲ್ಲಿದ್ದ ಅನುವಿನ ಮನೆಯನ್ನೆಲ್ಲ ಸುತ್ತಿದ್ದಳು. ಕುಂಕುಮದ ಭರಣಿ, ಅರಿಶಿನದ ಡಬ್ಬ, ಹಿತ್ತಾಳೆಯ ಪಂಚಪಾತ್ರೆ, ಮೈಸೂರಿನಿಂದ ಅಜ್ಜಿ ಕಳಿಸಿದ ಲೇಹ್ಯ, ಕಿಟಕಿಯ ಬಣ್ಣ, ಮಗುವಿನ ಆಟಿಕೆ ಎಲ್ಲಕ್ಕೂ ಗನ್ನಿನ ಮೂತಿ ಒತ್ತಿ, ಪರದೆಯ ಮೇಲಿನ ಅಂಕಿ ನೋಡಿ, ತಲೆಯಾಡಿಸಿ ಮುಂದೆ ಹೋಗಿದ್ದಳು. ಅದು ಗುಂಡು ಹಾರಿಸುವ ಗನ್ ಅಲ್ಲ. ಎಕ್ಸ್‌ರೇ ಹಾಯಿಸಿ, ವಸ್ತುವಿನಲ್ಲಿ ಸೀಸ ಇದೆಯೋ ಇಲ್ಲವೋ ಹೇಳುವ ಯಂತ್ರ. ಇಲಿನಾಯ್‌ನ ಡೌನರ್ಸ್ ಗ್ರೋವ್‌ನಲ್ಲಿ ಅವಳು ಕೆಲಸ ಮಾಡುತ್ತಿದ್ದ ಲ್ಯಾಬ್ ರಿಸೆಷನ್ನಿನ ಹೊಡೆತಕ್ಕೆ ಬಾಗಿಲು ಹಾಕಿದಾಗ ಹರಾಜಿನಲ್ಲಿ ಕೊಂಡದ್ದು. ಗದಗಿನ ಹೆಣ್ಣುಮಗಳೊಬ್ಬಳು ಐವತ್ತು ದಾಟಿದ ಮೇಲೆ ಪತ್ತೇದಾರಿಕೆಯ ಲೈಸೆನ್ಸ್ ತೆಗೆದುಕೊಂಡಾಗ ಹಾಫ್‌ಮನ್ ಎಸ್ಟೇಟ್ಸ್‌ನ ಗೆಳತಿಯರೆಲ್ಲ ನಕ್ಕಿದ್ದರು. ಈಗ ಅದೇ ಗೆಳತಿಯರು ಅಳಿಯನಾಗುವವನ ಪೂರ್ವಾಪರ ವಿಚಾರಿಸಲು ಅವಳಿಗೆ ಗುಟ್ಟಾಗಿ ಫೋನ್ ಮಾಡುತ್ತಾರೆ.

ಆದರೆ ಇಂದಿನ ಕೆಲಸ ಅಳಿಯನದ್ದಲ್ಲ. ಅನುವಿನ ಮಗಳು, ಆರು ವರ್ಷದ ಇಂಚರಳ ರಕ್ತದಲ್ಲಿ ಸೀಸ ಸೇರಿದ್ದು ಎಲ್ಲಿಂದ ಎಂದು ಸೋಮವಾರದೊಳಗೆ ಗೊತ್ತಾಗದಿದ್ದರೆ ಕೌಂಟಿಯ ಮಕ್ಕಳ ರಕ್ಷಣೆಯವರು ಅವಳನ್ನು ತಾಯಿಯಿಂದ ಬಿಡಿಸಿ ಬೇರೆ ಮನೆಯಲ್ಲಿಡುವವರಿದ್ದರು. ತಂದೆ ಶ್ರೀಕಾಂತ್ ಆಗಸ್ಟಿನಲ್ಲೇ ಕಾಣೆಯಾಗಿದ್ದ. ಅವನ ಖಾಲಿ ಕಾರು ಡೆಟ್ರಾಯಿಟ್ ನದಿಯ ದಂಡೆಯಲ್ಲಿ ಸಿಕ್ಕಿತ್ತು, ದೇಹ ಸಿಕ್ಕಿರಲಿಲ್ಲ.

ಕೌಂಟಿ ನರ್ಸ್ ಮೊದಲ ದಿನವೇ ಕುಂಕುಮ, ಲೇಹ್ಯಗಳಿಂದ ಒಂದೊಂದು ಚಮಚ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಇಂಡಿಯಾದವರ ಮನೆ ಎಂದರೆ ಅವರ ಕಣ್ಣು ಮೊದಲು ಬೀಳುವುದು ದೇವರ ಗೂಡಿನ ಮೇಲೆ. ಶಿವಕ್ಕನಿಗೆ ಅದು ಸಿಟ್ಟು ತರಿಸಿತ್ತು. ಇವತ್ತು ಗನ್ ತುಳಸಿಯ ಮುಂದೆಯೇ ಕೂಗಿದಾಗ ಆ ಸಿಟ್ಟು ತಣ್ಣಗಾಯಿತು.

"ಅನು, ಈ ಕುಂಡದ ಮಣ್ಣು ಎಲ್ಲಿಂದ ತಂದಿ?"

"ಅಂಗಡೀದು ಆಂಟಿ. ಚೀಲದಲ್ಲಿ ಬರುತ್ತಲ್ಲ, ಅದು." ಅನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಹಿಮ ಬೀಳೋಕೆ ಮುಂಚೆ ಒಳಗೆ ತಂದಿಟ್ಟೆ. ಪ್ರತಿ ಅಕ್ಟೋಬರ್ ಹಾಗೇ ಮಾಡೋದು."

"ಅಂಗಡಿ ಮಣ್ಣು ಕರ್ರಗ ಇರತೈತಿ. ಅದರ ಮ್ಯಾಲೆ ಕೂತಿದ್ದು ನೋಡು. ಬೂದಿ ಬಣ್ಣದ ಜೇಡಿ. ಒಣಗಿ ಹೆಪ್ಪು ಕಟ್ಟೇತಿ."

ಅನು ಹತ್ತಿರ ಬಂದು ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಭಯವೇನೂ ಇರಲಿಲ್ಲ.

"ಓ, ಅದಾ. ಅದು ಗಣಪತಿ ಆಂಟಿ."

ಶಿವಕ್ಕ ಗನ್ನನ್ನು ಮೆಲ್ಲಗೆ ಕೆಳಗಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

ಗಣೇಶನ ಹಬ್ಬಕ್ಕೆ ಮುಂಚೆ ಕನ್ನಡ ಕೂಟದವರು ಮಕ್ಕಳನ್ನು ಸೇರಿಸಿ ಮಣ್ಣಿನ ಗಣಪತಿ ಮಾಡಿಸಿದ್ದರು. ಬಣ್ಣದ ಪ್ಲಾಸ್ಟರ್ ಗಣಪ ಬೇಡ, ಕೆರೆ ನದಿ ಕೆಡಿಸುವುದು ಬೇಡ, ಶುದ್ಧ ಜೇಡಿಮಣ್ಣಿನಲ್ಲಿ ಮಾಡಿ, ಮನೆಯಲ್ಲೇ ಬಕೆಟ್ಟಿನಲ್ಲಿ ಬಿಟ್ಟು, ಕರಗಿದ ನೀರನ್ನು ಗಿಡಕ್ಕೆ ಹಾಕಿ ಎಂದು ಕೂಟದ ಹಿರಿಯರೊಬ್ಬರು ಮೈಕಿನಲ್ಲಿ ಉಪದೇಶ ಮಾಡಿದ್ದರು. ಹನ್ನೊಂದು ಮನೆಯ ಮಕ್ಕಳು ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಆ ಉಪದೇಶ ಕೇಳಿದ್ದರು. ಅಪ್ಪ ಅಮ್ಮಂದಿರು ಫೋಟೊ ತೆಗೆದಿದ್ದರು.

"ದಿನಾ ತೀರ್ಥಕ್ಕ ಎಲೆ ಕಿತ್ತಿದ್ದು ಈ ಗಿಡದ್ದ ಏನು?"

"ಹೂಂ. ಸ್ಕೂಲಿಗೆ ಹೋಗೋ ಮುಂಚೆ ಒಂದು ಚಮಚ ತೀರ್ಥ, ಒಂದು ಎಲೆ. ಅವರಪ್ಪ ಮಾಡಿಸಿದ ಅಭ್ಯಾಸ." ಅನು ಗನ್ನನ್ನು ನೋಡಿದಳು, ಕುಂಡವನ್ನು ನೋಡಿದಳು. "ಆಂಟಿ, ಅದೂ ಅಲ್ಲದೆ..."

ಅವಳು ಓಡಿಹೋಗಿ ಟೀವಿ ಕೋಣೆಯ ಕಿಟಕಿಯಿಂದ ಒಂದು ತಟ್ಟೆ ತಂದಳು. ತಟ್ಟೆಯ ತುಂಬ ಪುಟ್ಟ ಪುಟ್ಟ ಮಣ್ಣಿನ ಮೋದಕಗಳು. ಉಳಿದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಂತೆ. ಕಾರ್ಟೂನ್ ನೋಡುತ್ತ ಇಂಚರ ದಿನಾ ಅದನ್ನು ನಾದಿ ಮೋದಕ ಕಟ್ಟುತ್ತಿದ್ದಳು. ಉಗುರು ಕಚ್ಚುವ ಚಟ ಬೇರೆ.

ಗನ್ ಮತ್ತೆ ಕೂಗಿತು, ಈ ಸಲ ಇನ್ನೂ ಜೋರಾಗಿ.

ಶಿವಕ್ಕ ಒಂದು ಮೋದಕ ಒಡೆದಳು. ಡೆಟ್ರಾಯಿಟ್ ನೆಲದ ಜೇಡಿ ನೀಲಿ ಬೂದಿ ಬಣ್ಣದ್ದು, ಅಗೆದ ಕಡೆಯೆಲ್ಲ ಅದೇ ಸಿಗುತ್ತದೆ. ಇದರ ಒಳಗೆ ಕಂದುಗೆಂಪಿನ ಸಣ್ಣ ಎಳೆಗಳಿದ್ದವು. ಪರದೆಯ ಮೇಲೆ ಸೀಸ, ಸತು, ಕ್ಯಾಡ್ಮಿಯಂ ಮೂರೂ ಜೊತೆಯಾಗಿ ನಿಂತಿದ್ದವು. ಇಪ್ಪತ್ತು ವರ್ಷ ಲ್ಯಾಬಿನಲ್ಲಿ ಕೂತವಳಿಗೆ ಈ ಮೂವರು ಒಟ್ಟಿಗೆ ಬರುವುದು ಯಾವ ಮನೆಯಿಂದ ಎಂದು ಚೆನ್ನಾಗಿ ಗೊತ್ತು. ಉಕ್ಕು ಕರಗಿಸುವ ಕುಲುಮೆಯ ಹೊಗೆಯಿಂದ ಸೋಸಿ ತೆಗೆದ ಧೂಳು ಅದು.

ಆ ಧೂಳು ಕೆನಡಾದ ಉಕ್ಕಿನ ಕಾರ್ಖಾನೆಗಳಿಂದ ಮುಚ್ಚಿದ ಟ್ರಕ್ಕುಗಳಲ್ಲಿ ನದಿ ದಾಟಿ ಈ ಕಡೆ ಬರುತ್ತದೆ. ಅದನ್ನು ಸಿಮೆಂಟಿನೊಂದಿಗೆ ಕಲಸಿ ಗಟ್ಟಿ ಮಾಡಿ, ಜೇಡಿಮಣ್ಣು ಹಾಸಿದ ಗುಂಡಿಯಲ್ಲಿ ಹೂಳುವುದು ಬ್ಲೂ ಹೆರಾನ್ ರಿಕವರಿ ಎಂಬ ಕಂಪನಿಯ ಕೆಲಸ. ಶ್ರೀಕಾಂತ್ ಎಂಜಿನಿಯರ್ ಆಗಿದ್ದದ್ದು ಅಲ್ಲೇ. ಗುಂಡಿಗೆ ಹಾಸುವ ಜೇಡಿ ಶುದ್ಧವಾಗಿರಬೇಕು. ಅದರೊಳಗೆ ಧೂಳು ಸೇರಿದೆ ಎಂದರೆ ಸಿಮೆಂಟಿನ ಖರ್ಚು ಉಳಿಸಲು ಯಾರೋ ಎರಡನ್ನೂ ಹಾಗೇ ಕಲಸಿದ್ದಾರೆ.

"ಮಣ್ಣು ತಂದವರು ಯಾರವಾ?"

"ಶ್ರೀಕಾಂತೇ. ಪ್ಲಾಂಟಿಂದ ಕಾರಲ್ಲಿ ಹಾಕ್ಕೊಂಡು ಬಂದ್ರು." ಅನು ನೆಲ ನೋಡಿದಳು. "ಜಯಸಿಂಹ ಅಂಕಲ್ ಹೇಳಿದ್ರಂತೆ, ಆ ಗುಡ್ಡೇಲಿ ಒಳ್ಳೇ ಜೇಡಿ ಇದೆ, ಮಕ್ಕಳಿಗೆ ತಗೊಂಡ್ಹೋಗು ಅಂತ."

ಜಯಸಿಂಹ ಎಂದರೆ ಮೈಕಿನಲ್ಲಿ ಉಪದೇಶ ಮಾಡಿದ ಅದೇ ಹಿರಿಯರು, ಬ್ಲೂ ಹೆರಾನಿನ ಮ್ಯಾನೇಜರ್ ಕೂಡ. ಕಾರಿನ ಕಂಪನಿಗಳು ಸಾಲಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲದಲ್ಲಿ ಕೂಟದ ಎಷ್ಟೋ ಮನೆಗಳಿಗೆ ಅವರು ಅನ್ನದ ದಾರಿ ತೋರಿಸಿದ್ದರು. ಅವರ ವಿರುದ್ಧ ಬಾಯಿ ಬಿಡುವವರು ಈ ಊರಲ್ಲಿ ಯಾರೂ ಇಲ್ಲ.

"ಗಣಪ್ನ ಬಕೀಟಿನ್ಯಾಗ ಬಿಟ್ಟವರು ಯಾರು?"

"ನಾನೇ." ಅನು ತಕ್ಷಣ ಹೇಳಿದಳು. "ಐದನೇ ದಿನ, ಗುರುವಾರ."

ಶ್ರೀಕಾಂತ್ ಕೆಲಸಕ್ಕೆ ಹೋದವನು ಮರಳದಿದ್ದದ್ದು ಮಂಗಳವಾರ. ಕಾರು ಸಿಕ್ಕಿದ್ದು ಬುಧವಾರ. ಮಾರನೆಯ ದಿನವೇ ಈ ಹುಡುಗಿ ಮಂಗಳಾರತಿ ಎತ್ತಿ ಗಣಪನನ್ನು ಕಳಿಸಿಕೊಟ್ಟಳೇ ಎಂದು ಶಿವಕ್ಕನಿಗೆ ಅನ್ನಿಸಿತು. ದೇವರನ್ನು ಕಾಯಿಸಬಾರದು ಎಂದುಕೊಂಡಿರಬಹುದು. ಅವಳು ಅದನ್ನು ಅಲ್ಲಿಗೇ ಬಿಟ್ಟು ಎದ್ದಳು.

"ನಡಿ. ಕೂಸನ್ನೂ ಕರಕೋ. ಈ ಮನ್ಯಾಗ ಆಕಿ ಇನ್ನ ಒಂದು ತಾಸೂ ಇರೋದು ಬ್ಯಾಡ."

*

ಕ್ಯಾಂಟನ್‌ನಿಂದ ಜಯಸಿಂಹರಿದ್ದ ನೋವೈಗೆ ಹೋಗುವ ದಾರಿಯುದ್ದಕ್ಕೂ ಬ್ಯಾಂಕು ವಶಮಾಡಿಕೊಂಡ ಮನೆಗಳ ಮುಂದೆ ಬೋರ್ಡುಗಳು ನಿಂತಿದ್ದವು. ಅನು ಡ್ರೈವ್ ಮಾಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಇಂಚರ ಕಿಟಕಿಯ ಗಾಜಿನ ಮೇಲೆ ಉಸಿರೂದಿ ಬೆರಳಲ್ಲಿ ಸೊಂಡಿಲು ಬರೆಯುತ್ತಿದ್ದಳು. ವಯಸ್ಸಿಗೆ ತೂಕ ಸಾಲದ ಮಗು, ಕಣ್ಣ ಕೆಳಗೆ ಮಂಕು.

ಜಯಸಿಂಹರ ಮನೆಯ ಮುಂದೆ ಕಾರು ನಿಂತಿತು. ಅನು ಇಳಿಯಲಿಲ್ಲ.

"ನಾನು ಬರಲ್ಲ ಆಂಟಿ. ಅವರ ಮುಖ ನೋಡೋಕಾಗಲ್ಲ."

ಶಿವಕ್ಕ ಒಬ್ಬಳೇ ಹೋದಳು. ಬಾಗಿಲು ತೆರೆದವರು ಜಯಸಿಂಹರ ಹೆಂಡತಿ ಶಾರದಮ್ಮ. ಅರವತ್ತರ ಆಸುಪಾಸು, ಹಣೆಗೆ ಅಗಲ ಕುಂಕುಮ, ಸೀರೆಯ ಮೇಲೆ ಸ್ವೆಟರ್. ಶಿವಕ್ಕ ಬಂದದ್ದು ಏಕೆ ಎಂದು ಕೇಳುವ ಮುಂಚೆಯೇ ಕಾಫಿಗೆ ಇಡಲು ಒಳಗೆ ಹೋದರು. ಇಂಥವರ ಮನೆಗೆ ತನಿಖೆಗೆ ಬರುವುದು ಯಾವ ಪತ್ತೇದಾರನಿಗೂ ಕಷ್ಟ.

ಜಯಸಿಂಹ ಗಾಜುಗೋಡೆಯ ಸನ್‌ರೂಮಿನಲ್ಲಿ ಕೂತಿದ್ದರು. ಚಳಿಗೆ ಹೆದರಿ ಒಳಗೆ ಬಂದ ಗಿಡಗಳೆಲ್ಲ ಅಲ್ಲಿ ಸಾಲಾಗಿದ್ದವು. ಎದೆಯೆತ್ತರದ ಕರಿಬೇವು, ಎರಡು ತುಳಸಿ, ದೊಡ್ಡಪತ್ರೆ, ಮಲ್ಲಿಗೆ. ಶಿವಕ್ಕನ ಕೈಯಲ್ಲಿದ್ದ ಗನ್ ನೋಡಿ ಅವರು ಮುಗುಳ್ನಕ್ಕರು.

"ನಿಮ್ಮ ಲೈಸೆನ್ಸ್ ಇಲಿನಾಯ್ದು ಅಂತ ಕೇಳಿದೀನಿ ಮೇಡಂ. ಮಿಶಿಗನ್‌ನಲ್ಲಿ ಅದು ನಡೆಯಲ್ಲ."

"ಖರೇ ಐತ್ರಿ ಸರ. ಅದಕ್ಕ ಬರೇ ಕಾಫಿ ಕುಡಿಯಾಕ ಬಂದೀನಿ. ನಿಮ್ಮ ಕರಿಬೇವು ಭಾಳ ಚಲೋ ಬಂದೈತಿ."

ಅವಳು ಕರಿಬೇವಿನ ಬುಡಕ್ಕೆ ಗನ್ ಒತ್ತಿದಳು. ಗನ್ ಸುಮ್ಮನಿತ್ತು. ಮೊದಲ ತುಳಸಿಗೆ ಒತ್ತಿದಳು, ಎರಡನೆಯದಕ್ಕೆ ಒತ್ತಿದಳು. ದೊಡ್ಡಪತ್ರೆ, ಮಲ್ಲಿಗೆಯನ್ನೂ ಬಿಡಲಿಲ್ಲ. ಗನ್ ಎಲ್ಲಿಯೂ ತುಟಿ ಬಿಚ್ಚಲಿಲ್ಲ.

"ನೋಡಿದ್ರಲ್ಲ," ಎಂದರು ಜಯಸಿಂಹ. "ನಮ್ಮನೇಲಿ ಏನೂ ಇಲ್ಲ."

"ಅದನ್ನ ನೋಡಿ ಅಂಜಿಕಿ ಆತ್ರಿ ನನಗ." ಶಿವಕ್ಕ ಅವರ ಎದುರು ಕೂತಳು. "ಗಣಪ ಕರಗಿದ ನೀರು ಗಿಡಕ್ಕ ಹಾಕ್ರಿ ಅಂತ ಹನ್ನೊಂದು ಮನಿಗೆ ಹೇಳಿಕೊಟ್ಟವರು ನೀವು. ನಿಮ್ಮ ಮೊಮ್ಮಗ ಋಷಿನೂ ಒಂದು ಗಣಪ್ನ ಮಾಡ್ಯಾನಂತ. ನಿಮ್ಮ ಗಿಡಕ್ಕ ಯಾಕ ಬಿದ್ದಿಲ್ಲ ಆ ನೀರು?"

"ಲಾನ್‌ಗೆ ಹಾಕಿದ್ವಿ."

"ಹೌದ?"

ಶಾರದಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಶಿವಕ್ಕ ತಿರುಗಿ ಅವರನ್ನೇ ಕೇಳಿದಳು.

"ಶಾರದಕ್ಕಾರ, ನಿಮ್ಮ ಗಣಪ ಎಲ್ಲಿಗೆ ಹೋದ?"

ಶಾರದಮ್ಮ ಗಂಡನ ಮುಖ ನೋಡಿದರು. ಗಂಡ ಕಣ್ಣಲ್ಲೇ ಬೇಡ ಎಂದರು. ಆಕೆ ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಬೇಸ್‌ಮೆಂಟಿನ ಮೆಟ್ಟಿಲಿಳಿದು ಹೋದರು. ದೇವರ ವಿಷಯದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು.

ಮರಳಿ ಬಂದಾಗ ಕೈಯಲ್ಲಿ ಬೆಳ್ಳಿ ತಟ್ಟೆಯಿತ್ತು. ತಟ್ಟೆಯ ಮೇಲೆ ಗೇಣುದ್ದದ ಗಣಪ. ಒಂದು ಕಿವಿ ದೊಡ್ಡದು, ಒಂದು ಚಿಕ್ಕದು, ಮಗುವಿನ ಕೈಕೆಲಸ. ಕೊರಳಿಗೆ ಇವತ್ತಿನ ಹೂವು, ಪಾದದ ಬಳಿ ಇವತ್ತಿನ ಗರಿಕೆ.

"ನದಿಗೆ ಬಿಡೋಣ, ನಾಳೆ ಬಿಡೋಣ ಅಂತ ಎರಡು ತಿಂಗಳಿಂದ ಹೇಳ್ತಿದಾರೆ ಶಿವಕ್ಕ," ಎಂದರು ಶಾರದಮ್ಮ. "ತಂದ ಗಣಪತೀನ ಕಳಿಸ್ದೆ ಇಟ್ಕೋಬಾರ್ದು, ಮನೆಗೆ ಒಳ್ಳೇದಲ್ಲ ಅಂತ ಅತ್ತೂ ಹೇಳಿದೆ. ಕಸಕ್ಕೆ ಹಾಕೋಕೆ ನಾನು ಬಿಡಲಿಲ್ಲ. ದಿನಾ ಕೆಳಗೆ ಹೋಗಿ ದೀಪ ಹಚ್ತೀನಿ."

ಶಿವಕ್ಕ ಗಣಪನ ಬೆನ್ನಿಗೆ ಗನ್ ಒತ್ತಿದಳು. ಅದು ಕೂಗಿದ ರಭಸಕ್ಕೆ ಶಾರದಮ್ಮ ತಟ್ಟೆಯನ್ನು ಬೀಳಿಸುವುದರಲ್ಲಿದ್ದರು.

ಸ್ವಂತ ಗಿಡಕ್ಕೆ ಹಾಕಲು ಮನಸ್ಸು ಬಾರದು. ನದಿಗೆ ಬಿಟ್ಟರೆ ತನ್ನ ಉಪದೇಶವೇ ಅಣಕಿಸುತ್ತದೆ. ಕಸದ ಡಬ್ಬಿಗೆ ಹೆಂಡತಿ ಬಿಡಳು. ಹಾವೂ ಸಾಯದೆ ಕೋಲೂ ಮುರಿಯದೆ ಎರಡು ತಿಂಗಳು ತಳ್ಳಿದ್ದರು ಜಯಸಿಂಹ. ಮೇಲೆ ಅವರು ಮಾತಿನಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಬೇಸ್‌ಮೆಂಟಿನ ಗಣಪ ಮೈಯಲ್ಲಿ ಹೊತ್ತು ಕೂತಿದ್ದ.

"ವಿಸರ್ಜನೆ ದಿನಕ್ಕ ನಿಮಗ ಗೊತ್ತಾಗಿತ್ತು," ಎಂದಳು ಶಿವಕ್ಕ. "ಯಾರು ಹೇಳಿದ್ರು?"

ಜಯಸಿಂಹ ಕನ್ನಡಕ ತೆಗೆದು ಒರೆಸಿದರು. ದನಿ ತಗ್ಗಿತ್ತು.

"ಶ್ರೀಕಾಂತ. ಮಂಗಳವಾರ ಸಾಯಂಕಾಲ ಇಲ್ಲೇ ಬಂದು ನಿಂತಿದ್ದ. ನೀನು ದೇವಸ್ಥಾನಕ್ಕೆ ಹೋಗಿದ್ದೆ ಶಾರದ. 'ಅಂಕಲ್, ನಾನು ತಂದ ಮಣ್ಣು ವಿಷ. ಧೂಳು ಕಲಸಿದ್ದೂ ನಾನೇ, ಕಾಸ್ಟ್ ಕಡಿಮೆ ಮಾಡೋಕೆ ಹೋಗಿ ತಪ್ಪು ಮಾಡ್ಬಿಟ್ಟೆ' ಅಂದ. ಅಳ್ತಿದ್ದ. ನನ್ನ ಮಗಳ ಮುಖ ಹೇಗೆ ನೋಡ್ಲಿ ಅಂತ ಕೇಳಿ ಹೊರಟುಹೋದ. ಬೆಳಿಗ್ಗೆ ಅವನ ಕಾರು ನದೀ ಹತ್ರ ಸಿಕ್ತು."

"ಪೊಲೀಸ್ರಿಗೆ ಹೇಳಲಿಲ್ಲ."

"ಸತ್ತವನ ಹೆಸರು ಕೆಡಿಸ್ಲಾ? ಪ್ಲಾಂಟ್ ಮುಚ್ಚಿದ್ರೆ ಎಷ್ಟು ಮನೆ ಬೀದಿಗೆ ಬರುತ್ತೆ ಗೊತ್ತಾ ನಿಮಗೆ? ವೀಸಾ ಮೇಲೆ ಇರೋರಿದಾರೆ. ಕೆಲಸ ಹೋದ್ರೆ ದೇಶಾನೇ ಬಿಡಬೇಕು."

"ಆ ಮನಿಗಳ ಮಕ್ಕಳ ಕೈಯಾಗ ಮಣ್ಣು ಕೊಟ್ಟೀರಲ್ಲ. ಒಂದು ಫೋನ್ ಮಾಡಿ ಆ ನೀರು ಗಿಡಕ್ಕ ಹಾಕಬ್ಯಾಡ್ರಿ, ಆ ಮಣ್ಣು ಇಟ್ಕೋಬ್ಯಾಡ್ರಿ ಅಂತ ಹೇಳಾಕ ಏನಾಗಿತ್ತು ನಿಮಗ?" ಶಿವಕ್ಕ ಗಾಜಿನಾಚೆ ನಿಂತ ಕಾರಿನ ಕಡೆ ಕೈ ತೋರಿಸಿದಳು. "ಆ ಕೂಸಿನ ರಕ್ತದಾಗ ಸೀಸ ಮೂವತ್ತು ದಾಟೇತಿ. ಹತ್ತು ದಾಟಿದ್ರನ ಡಾಕ್ಟರ್ ಗಾಬರಿ ಆಗ್ತಾರ. ತಾಯೇ ವಿಷ ಹಾಕ್ಯಾಳ ಅಂತ ಕೌಂಟಿಯವರು ಬಾಗಿಲಿಗೆ ಬಂದು ನಿಂತಾರ. ನೀವು ಇಲ್ಲಿ ಕರಿಬೇವಿಗೆ ನೀರು ಹಾಕ್ಕೋತ ಕೂತೀರಿ."

ಮಾತಾಡಿದವರು ಶಾರದಮ್ಮ.

"ಋಷಿಗೂ ಟೆಸ್ಟ್ ಮಾಡಿಸ್ಬೇಕಲ್ಲ ಹಾಗಾದ್ರೆ. ಅವನೂ ಮುಟ್ಟಿದಾನೆ."

"ಮಾಡಿಸಿದೀನಿ," ಎಂದರು ಜಯಸಿಂಹ, ಗೋಡೆಯ ಕಡೆ ನೋಡುತ್ತ. "ಹಬ್ಬ ಆದ ವಾರಾನೇ. ಸ್ಕೂಲ್ ಚೆಕಪ್ ಅಂತ ಹೇಳಿ ಕರ್ಕೊಂಡು ಹೋಗಿದ್ದೆ. ನಾರ್ಮಲ್ ಇದೆ."

ಶಾರದಮ್ಮ ಗಣಪನ ಕೊರಳಿನ ಹೂವನ್ನು ತೆಗೆದು ತಟ್ಟೆಯಲ್ಲಿಟ್ಟರು.

"ನಮ್ಮ ಮಗೂದು ಮಾತ್ರ ನೋಡ್ಕೊಂಡ್ರಿ," ಎಂದರು. ಅಷ್ಟೇ ಹೇಳಿ ತಟ್ಟೆಯನ್ನು ಶಿವಕ್ಕನ ಕೈಗೆ ಕೊಟ್ಟರು. "ತಗೊಂಡ್ಹೋಗಿ. ನಾಳೆ ಯಾರು ಕೇಳಿದ್ರೂ ನಮ್ಮನೇಲಿ ಇತ್ತು ಅಂತ ನಾನು ಹೇಳ್ತೀನಿ."

ಜಯಸಿಂಹ ಎದ್ದು ನಿಂತರು, ಆದರೆ ತಡೆಯಲಿಲ್ಲ. ಅವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಶಿವಕ್ಕನಿಗೆ ಸರಿ ಕಾಣಲಿಲ್ಲ. ಕಾಫಿ ಮೇಜಿನ ಮೇಲೆ ಹಾಗೇ ಆರಿತು.

*

ಕಾರಿನಲ್ಲಿ ಕೂತು ಗಣಪನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುವಾಗ ಶಿವಕ್ಕನಿಗೆ ಅರ್ಧ ಸಮಾಧಾನವಾಗಿತ್ತು. ಸೀಸ ಅನುವಿನ ಅಡುಗೆಮನೆಯದಲ್ಲ ಎಂದು ತೋರಿಸಲು ಇಷ್ಟು ಸಾಕು. ಕೌಂಟಿ ನರ್ಸಿಗೆ ಆಗಲೇ ಫೋನಿನಲ್ಲಿ ಮೆಸೇಜ್ ಬಿಟ್ಟಿದ್ದಳು. ಸೋಮವಾರ ಇಂಚರ ತಾಯಿಯ ಮಡಿಲಲ್ಲೇ ಇರುತ್ತಾಳೆ.

ಅನುವಿಗೆ ಅವಳು ಎಲ್ಲವನ್ನೂ ಹೇಳಿದಳು. ಮಂಗಳವಾರ ಸಾಯಂಕಾಲ ಶ್ರೀಕಾಂತ್ ಆ ಮನೆಗೆ ಬಂದದ್ದು, ತಪ್ಪು ಒಪ್ಪಿಕೊಂಡದ್ದು, ಅತ್ತದ್ದು. ಗಂಡನ ಕೊನೆಯ ಮಾತು ಕೇಳಿದ ಹೆಂಡತಿ ಅಳಬೇಕು. ಅನು ಅಳಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಸುಳ್ಳು," ಎಂದಳು.

"ಸುಳ್ಳು ಅಂತ ನಿನಗ ಹ್ಯಾಂಗ ಗೊತ್ತು?"

ಅನು ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳನ್ನು ನೋಡಿದಳು.

ಬೆಳಿಗ್ಗೆ ಅಲ್ಲಿಗೇ ಬಿಟ್ಟಿದ್ದ ಮಾತು ಶಿವಕ್ಕನಿಗೆ ಈಗ ಮತ್ತೆ ಚುಚ್ಚಿತು. ಅವಳು ಹಿಂದಕ್ಕೆ ತಿರುಗಿದಳು.

"ಇಂಚರಾ, ನಿಮ್ಮ ಗಣಪ್ನ ಬಕೀಟಿನ್ಯಾಗ ಬಿಟ್ಟವರು ಯಾರವಾ?"

"ಆಂಟಿ, ಅವಳನ್ನ ಕೇಳ್ಬೇಡಿ," ಎಂದಳು ಅನು.

"ಡ್ಯಾಡಿ," ಎಂದಳು ಇಂಚರ, ಗಾಜಿನಿಂದ ಕಣ್ಣು ತೆಗೆಯದೆ. "ಮಮ್ಮಿ ವಾಸ್ ಕ್ರೈಯಿಂಗ್. ಪೊಲೀಸ್ ಹೋದ್ರು, ದೆನ್ ನೆಕ್ಸ್ಟ್ ಡೇ ಡ್ಯಾಡಿ ಬಂದ್ರು, ಬ್ಯಾಕ್ ಡೋರಿಂದ. ವಿ ಡಿಡ್ ಗಣಪತಿ ಬಪ್ಪಾ. ಡ್ಯಾಡಿನೇ ತುಳಸಿಗೆ ವಾಟರ್ ಹಾಕಿದ್ದು."

ಶಿವಕ್ಕ ಗಣಪನ ಚೀಲವನ್ನು ಮಡಿಲಿಂದ ಕೆಳಗಿಟ್ಟಳು.

ಮಣ್ಣು ವಿಷವೆಂದು ಮಂಗಳವಾರವೇ ತಿಳಿದಿದ್ದ ತಂದೆ ಗುರುವಾರ ಅದನ್ನೇ ಕರಗಿಸಿ, ಮಗಳು ದಿನಾ ಎಲೆ ತಿನ್ನುವ ತುಳಸಿಗೆ ಸುರಿಯುವುದಿಲ್ಲ. ಶ್ರೀಕಾಂತನಿಗೆ ಆ ಮಣ್ಣಿನ ವಿಷಯ ಗೊತ್ತೇ ಇರಲಿಲ್ಲ. ಧೂಳು ಕಲಸಿಸುತ್ತಿದ್ದ ಜಯಸಿಂಹರಿಗೆ ಮಾತ್ರ, ಮಕ್ಕಳಿಗೆ ಕೊಡಿಸಿದ ಗುಡ್ಡೆಗೂ ಅದು ಸೇರಿದೆ ಎಂದು ವಿಸರ್ಜನೆಯೊಳಗೆ ಯಾರೂ ಬಂದು ಹೇಳದೆಯೇ ಗೊತ್ತಾಗಿತ್ತು. ಸತ್ತವನ ತಲೆಗೆ ಕಟ್ಟಿದರೆ ಸತ್ತವನು ಬಂದು ಅಲ್ಲವೆನ್ನಲಾರ ಎಂದುಕೊಂಡಿದ್ದರು. ಆದರೆ ಶ್ರೀಕಾಂತ್ ಸತ್ತಿರಲಿಲ್ಲ. ಅದು ಗೊತ್ತಿದ್ದೂ ಈ ಹುಡುಗಿ ಪೊಲೀಸರಿಗೆ, ಕೌಂಟಿಗೆ, ಕೊನೆಗೆ ತನಗೂ ಸುಳ್ಳು ಹೇಳಿದ್ದಳು. ಕೌಂಟಿಯವರಿಗೆ ಇದು ಗೊತ್ತಾದರೆ ಗಣಪನೂ ಅವಳನ್ನು ಕಾಪಾಡಲಾರ.

"ಪ್ಲಾಂಟಿಗೆ ಬರೋ ಟ್ರಕ್ಕಲ್ಲಿ ನೋಡಬಾರದ್ದೇನೋ ನೋಡ್ಬಿಟ್ಟೆ, ನಾನು ಸತ್ತಿದೀನಿ ಅಂತ ಪ್ಲಾಂಟಿನವರು ನಂಬಿರೋವರೆಗೂ ನೀವಿಬ್ರೂ ಸೇಫ್ ಅಂದ್ರು ಶ್ರೀಕಾಂತ್," ಅನು ಪಿಸುಗುಟ್ಟಿದಳು. "ಅದಕ್ಕೇ ಆಂಟಿ. ಬೇರೆ ಯಾರಿಗೂ ಗೊತ್ತಿಲ್ಲ. ನಾನು ಉಸಿರು ಬಿಟ್ಟಿಲ್ಲ."

ಶಿವಕ್ಕನ ಫೋನ್ ಅದುರತೊಡಗಿತು. ಕೌಂಟಿ ನರ್ಸ್. ಅವಳು ಅದನ್ನು ಕೈಯಲ್ಲಿ ಹಿಡಿದು, ಎತ್ತಲೂ ಆಗದೆ ಬಿಡಲೂ ಆಗದೆ, ಮನೆಯ ಕಡೆ ನೋಡಿದಳು. ಸನ್‌ರೂಮಿನ ಗಾಜಿನ ಹಿಂದೆ ಜಯಸಿಂಹ ನಿಂತಿದ್ದರು. ಅವರ ಕಿವಿಯ ಬಳಿಯೂ ಫೋನಿತ್ತು.

ಇಂಚರ ಅವರಿಗೆ ಕೈ ಬೀಸಿದಳು.

"ಜಯಸಿಂಹ ಅಂಕಲ್ ಕೂಡ ಸೇಮ್ ಕ್ವೆಶ್ಚನ್ ಕೇಳಿದ್ರು," ಎಂದಳು. "ಲಾಸ್ಟ್ ಸಂಡೇ, ಕನ್ನಡ ಕ್ಲಾಸಲ್ಲಿ. ಚಾಕ್‌ಲೇಟ್ ಕೊಟ್ರು. ಡ್ಯಾಡಿ ಎಲ್ಲಿದಾರೆ ಅಂತಾನೂ ಐ ಟೋಲ್ಡ್ ಹಿಮ್."